ಅದ್ಭುತಕ್ಕೆ ತೆರಬೇಕಾದ ಬೆಲೆ

ಕಥೆಯನ್ನು ಮನೆಗೆ ಬರಮಾಡಿಕೊಂಡು ಸವಿಯುವ ಸುಖ ಮೈಸೂರಿನವರಿಗೆ ಹೊಸದಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಸಾರಯಂತ್ರವನ್ನು ಸ್ಥಾಪಿಸಿ ಬಾನುಲಿಯನ್ನು ನುಡಿಸಿದಂದಿನಿಂದ, ಸಭಾಂಗಣಕ್ಕೆ ಹೋಗಿ ಕೇಳಬೇಕಾಗಿದ್ದ ಸಂಗೀತ, ಉಪನ್ಯಾಸ, ನಾಟಕಗಳು ಗೃಹಸ್ಥನ ನಡುಮನೆಗೇ ನಡೆದುಬಂದವು. ಇಂದು ಆಕಾಶವಾಣಿಯ ಮೈಸೂರು ನಿಲಯವಿರುವುದು ನಮ್ಮ ಯಾದವಗಿರಿಯಲ್ಲಿ. ಬಾನುಲಿಯ ತರುವಾಯ ದೂರದರ್ಶನವೂ, ಅದರ ಬೆನ್ನಿಗೆ, ಬೇಕೆಂದಾಗ ಹಾಕಿ ಬೇಡವೆಂದಾಗ ನಿಲ್ಲಿಸಬಹುದಾದ ವಿಡಿಯೋ ಕ್ಯಾಸೆಟ್ಟು, ಸೀಡಿ, ಡಿವಿಡಿ, ಬ್ಲೂ-ರೇಗಳೂ ಒಂದರ ಹಿಂದೊಂದು ಬಂದು, ಪ್ರೇಕ್ಷಕನನ್ನು ಪ್ರದರ್ಶನದ ಕಾಲಕ್ಕೆ ಕಾಯುವ ಅತಿಥಿಯ ಸ್ಥಾನದಿಂದ ಎತ್ತಿ, ಪುಸ್ತಕವನ್ನು ಕೈಯಲ್ಲಿ ಹಿಡಿದ ಓದುಗನ ಸ್ಥಾನದಲ್ಲಿ ಕುಳ್ಳಿರಿಸಿದವು. ಪುಟವನ್ನು ಹಿಂದಕ್ಕೆ ಮಗುಚಿ ನೋಡುವ ಸ್ವಾತಂತ್ರ್ಯವುಳ್ಳವನು ಸಹಜವಾಗಿಯೇ ವಿಮರ್ಶಕನಾಗುತ್ತಾನೆ. ಗೃಹವೀಕ್ಷಣೆಯ ನಿಜವಾದ ಲಾಭ ಅದು.

ಯಾದವಗಿರಿಯ ಅನೇಕ ಮನೆಗಳಲ್ಲಿ ಈಗ ಹಿರಿಯರು ಮಾತ್ರ ಉಳಿದಿದ್ದಾರೆ. ಮಕ್ಕಳು ಮೊಮ್ಮಕ್ಕಳು ಹೊರನಾಡುಗಳಲ್ಲಿದ್ದಾರೆ. ರಜೆಗೆ ಬಂದ ಕಿರಿಯರು ಮರಳುವಾಗ ಬಿಟ್ಟುಹೋಗುವ ವಸ್ತುಗಳಲ್ಲಿ ಹಳೆಯ ಪಾದರಕ್ಷೆಗಳೊಡನೆ ಇಂತಹ ಡಿವಿಡಿ ತಟ್ಟೆಗಳ ಪೆಟ್ಟಿಗೆಗಳೂ ಸೇರಿರುತ್ತವೆ. ಹಾಗೆ ನಮ್ಮ ಬಂಧುಗಳ ಹುಡುಗನೊಬ್ಬನಿಂದ ನನ್ನ ಪಾಲಿಗೆ ಬಂದುದು ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ಎಂಬ ಜಪಾನಿ ಚಿತ್ರಸರಣಿ. ಅರವತ್ತು ದಾಟಿದವರು ಇದನ್ನು ನೋಡತಕ್ಕದ್ದೇ ಎಂಬ ಪ್ರಶ್ನೆಗೆ, ನೋಡಿ ಮುಗಿಸಿದ ಮೇಲೆ, ನೋಡತಕ್ಕದ್ದೆಂದೇ ನನ್ನ ಉತ್ತರ. ಅದ್ಭುತವನ್ನು ಕಟ್ಟುವ ಕವಿಗೆ ಸ್ವಾತಂತ್ರ್ಯಕ್ಕಿಂತ ನಿಯಮವೇ ಹೆಚ್ಚು ಉಪಕಾರಿಯೆಂಬ ಮಾತನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ದೃಶ್ಯಕೃತಿಗಳು ವಿರಳ.

ಜಪಾನಿನಲ್ಲಿ ತಯಾರಾಗುವ ಚಲನಚಿತ್ರಣಕ್ಕೆ, ಎಂದರೆ ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡಿ ಕಥೆ ಹೇಳುವ ಕಲೆಗೆ, ಲೋಕವೆಲ್ಲ ‘ಅನಿಮೆ’ ಎಂದು ಹೆಸರಿಟ್ಟಿದೆ. ಚಲನಚಿತ್ರದ ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆಯಷ್ಟೆ. ಅಷ್ಟೂ ಚೌಕಟ್ಟುಗಳಿಗೆ ಬೇರೆ ಬೇರೆ ಚಿತ್ರವನ್ನು ಬರೆಯುತ್ತ ಹೋದರೆ, ವಾರಕ್ಕೊಂದು ಕಂತನ್ನು ಒಪ್ಪಿಸಬೇಕಾದ ದೂರದರ್ಶನದ ಚಿತ್ರಶಾಲೆ ದಿವಾಳಿಯೆದ್ದೀತು. ಆದುದರಿಂದ ಒಂದೊಂದು ಚಿತ್ರವನ್ನು ಎರಡು ಅಥವಾ ಮೂರು ಚೌಕಟ್ಟುಗಳ ಕಾಲ ನಿಲ್ಲಿಸಿ, ಸೆಕೆಂಡಿಗೆ ಹನ್ನೆರಡೋ ಎಂಟೋ ಚಿತ್ರಗಳಲ್ಲಿಯೇ ಚಲನೆಯ ಭ್ರಮೆಯನ್ನು ಹುಟ್ಟಿಸುವ ಮಿತವ್ಯಯದ ವಿಧಾನವನ್ನು ಜಪಾನಿಗಳು ರೂಢಿಸಿಕೊಂಡರು. 1963ರ ಜನವರಿ 1ರಂದು ಪ್ರಸಾರವಾಗತೊಡಗಿದ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಈ ಮಾರ್ಗಕ್ಕೆ ಹೆಬ್ಬಾಗಿಲಾಯಿತು. ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದರು ಬರೆಯುತ್ತಾರೆ. ಭಂಗಿ ಭಂಗಿಗಳ ನಡುವಣ ಚಿತ್ರಗಳನ್ನು ಕಿರಿಯರು ತುಂಬುತ್ತಾರೆ. ಮಾತಿನ ದೃಶ್ಯದಲ್ಲಿ ಬಾಯಿ ಮಾತ್ರ ಅಲುಗಿದರೂ ಸಾಕೆಂದು ಉಳಿಸಿದ ಶ್ರಮವನ್ನು ಯುದ್ಧದ ದೃಶ್ಯಕ್ಕೆ ಸುರಿಯುತ್ತಾರೆ. ಹೀಗೆ ಬಡತನದಿಂದ ಹುಟ್ಟಿದ ಉಪಾಯವೇ ಕಾಲಕ್ರಮದಲ್ಲಿ ಒಂದು ಶೈಲಿಯಾಗಿ, ಸ್ತಬ್ಧತೆಯ ಬಳಿಕ ಹಠಾತ್ತನೆ ಎದ್ದುನಿಲ್ಲುವ ವೇಗದ ಸೊಗಸಾಗಿ ಮಾರ್ಪಟ್ಟಿತು.

ಕನ್ನಡಿಗರಿಗೆ ಈ ಕಲೆಯ ಪರಿಚಯ ಅವರಿಗೆ ತಿಳಿಯದೆಯೇ ಆಗಿಹೋಗಿದೆ. 1993ರಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಮಾತನಾಡುತ್ತ ಬಂದ ಮೋಗ್ಲಿಯ ‘ಜಂಗಲ್ ಬುಕ್’ ಸರಣಿಯನ್ನು, ಅದರ ಶೀರ್ಷಿಕೆಗೀತೆ ಗುಲ್ಜಾರರದಾಗಿದ್ದುದರಿಂದಲೂ ಕಥೆ ನಮ್ಮ ಕಾಡಿನದಾಗಿದ್ದುದರಿಂದಲೂ, ದೇಶೀಯವೆಂದೇ ಅನೇಕರು ನಂಬಿದ್ದರು. ಅದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ ತಯಾರಿಸಿದ 52 ಕಂತುಗಳ ಅನಿಮೆ. ಅದೇ ಕಾಲದಲ್ಲಿ ಯೂಗೊ ಸಾಕೊ ಎಂಬ ಜಪಾನಿ ನಿರ್ಮಾಪಕರು, ನಮ್ಮ ದೇಶದ ಚಲನಚಿತ್ರಣಕಾರರಲ್ಲಿ ಅಗ್ರಗಣ್ಯರಾದ ರಾಮ್ ಮೋಹನ್ ಮತ್ತು ಜಪಾನಿನ ಕೊಯಿಚಿ ಸಸಾಕಿ ಅವರೊಡಗೂಡಿ, ವನರಾಜ ಭಾಟಿಯಾ ಅವರ ಸಂಗೀತದೊಡನೆ ರಾಮಾಯಣವನ್ನೇ ಅನಿಮೆಯಾಗಿ ನಿರೂಪಿಸಿದರು. ಅಂದು ನಮ್ಮ ಚಿತ್ರಮಂದಿರಗಳಲ್ಲಿ ಅದಕ್ಕೆ ಉಚಿತವಾದ ಮನ್ನಣೆ ದೊರೆಯಲಿಲ್ಲ. ದೂರದರ್ಶನದ ಮರುಪ್ರಸಾರಗಳಿಂದಲೂ ಮನೆಯ ಸೀಡಿಗಳಿಂದಲೂ ಅದು ಜನರ ಅಭಿಮಾನವನ್ನು ಗಳಿಸಿತೆಂಬುದನ್ನೂ, 2025ರ ಜನವರಿಯಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಿತೆಂಬುದನ್ನೂ ನೆನೆದರೆ, ಗೃಹವೀಕ್ಷಣೆಯನ್ನು ಎರಡನೆಯ ದರ್ಜೆಯ ವೀಕ್ಷಣೆಯೆಂದು ತಳ್ಳಿಹಾಕುವುದು ನ್ಯಾಯವಲ್ಲವೆಂಬುದು ಮನವರಿಕೆಯಾಗುವುದು.

ಈಗ ಪ್ರಸ್ತುತ ಸರಣಿಗೆ ಬರೋಣ. ಇದರ ಮೂಲ ಹಿರೊಮು ಅರಕಾವಾ ಎಂಬ ಲೇಖಕಿ ಬರೆದು ಚಿತ್ರಿಸಿದ ಚಿತ್ರಕಥೆ. ಆಕೆ ಜಪಾನಿನ ಉತ್ತರತುದಿಯ ಹೊಕ್ಕಾಯ್ಡೊ ದ್ವೀಪದಲ್ಲಿ, ಹೈನುಗಾರಿಕೆಯ ರೈತರ ಮನೆಯಲ್ಲಿ 1973ರಲ್ಲಿ ಹುಟ್ಟಿದವರು. ಶಾಲೆ ಮುಗಿದ ಮೇಲೆ ವರ್ಷಗಟ್ಟಲೆ ಹೊಲ ಕೊಟ್ಟಿಗೆಗಳಲ್ಲಿ ದುಡಿದು, ಬಿಡುವಿನಲ್ಲಿ ತೈಲವರ್ಣ ಚಿತ್ರಕಲೆಯನ್ನು ಕಲಿತವರು. ತಮ್ಮ ಪುಸ್ತಕಗಳಲ್ಲಿ ತಮ್ಮ ಸ್ವಂತ ಚಿತ್ರವನ್ನು ಕನ್ನಡಕ ಧರಿಸಿದ ಹಸುವಿನ ರೂಪದಲ್ಲಿ ಬರೆದುಕೊಳ್ಳುವಷ್ಟು ವಿನೋದಪ್ರಿಯರು. 2001ರಿಂದ 2010ರವರೆಗೆ ಮಾಸಪತ್ರಿಕೆಯೊಂದರಲ್ಲಿ 108 ಅಧ್ಯಾಯಗಳಾಗಿ ಹೊರಬಂದು, 27 ಸಂಪುಟಗಳಲ್ಲಿ ಸಂಗ್ರಹವಾದ ಈ ಕಥೆ ಎರಡು ಬಾರಿ ದೂರದರ್ಶನ ಸರಣಿಯಾಯಿತು. ಮೊದಲನೆಯದು 2003ರಲ್ಲಿ ಆರಂಭವಾದ 51 ಕಂತುಗಳದ್ದು. ಮೂಲಕಥೆ ಆಗಿನ್ನೂ ಅರ್ಧದಲ್ಲಿದ್ದುದರಿಂದ ಅದರ ನಿರ್ದೇಶಕರು ತಮ್ಮದೇ ಆದ ಉತ್ತರಾರ್ಧವನ್ನು ಕಲ್ಪಿಸಿಕೊಳ್ಳಬೇಕಾಯಿತು. ಎರಡನೆಯದು, ಇಲ್ಲಿ ವಿಮರ್ಶೆಗೆ ವಸ್ತುವಾದದ್ದು, ಯಾಸುಹಿರೊ ಇರಿಯೆ ಅವರ ನಿರ್ದೇಶನದಲ್ಲಿ, ಅದೇ ‘ಬೋನ್ಸ್’ ಚಿತ್ರಶಾಲೆಯಿಂದ, 2009ರ ಏಪ್ರಿಲ್‌ನಿಂದ 2010ರ ಜುಲೈವರೆಗೆ 64 ಕಂತುಗಳಾಗಿ ಪ್ರಸಾರವಾದುದು. ಇದು ಮೂಲವನ್ನು ನಿಷ್ಠೆಯಿಂದ ಅನುಸರಿಸಿತು. ಮೂಲವೂ ಸರಣಿಯೂ ಹೆಚ್ಚುಕಡಿಮೆ ಏಕಕಾಲದಲ್ಲಿ ಮುಕ್ತಾಯವನ್ನು ಮುಟ್ಟಿದವು.

ಕಥೆ ನಡೆಯುವುದು ಅಮೆಸ್ಟ್ರಿಸ್ ಎಂಬ ಕಲ್ಪಿತ ದೇಶದಲ್ಲಿ. ರೈಲು, ಟೆಲಿಫೋನು, ಬಂದೂಕುಗಳುಳ್ಳ, ಇಪ್ಪತ್ತನೆಯ ಶತಮಾನದ ಆದಿಭಾಗದ ಯೂರೋಪನ್ನು ಹೋಲುವ ಆ ಸೇನಾಡಳಿತದ ನಾಡಿನಲ್ಲಿ ಭೌತಶಾಸ್ತ್ರದ ಸ್ಥಾನವನ್ನು ರಸವಿದ್ಯೆ ಆಕ್ರಮಿಸಿಕೊಂಡಿದೆ. ನೆಲದ ಮೇಲೆ ಮಂಡಲವನ್ನು ಬರೆದು, ವಸ್ತುವಿನ ಸ್ವರೂಪವನ್ನು ಅರಿತು, ಅದನ್ನು ಒಡೆದು, ಮತ್ತೊಂದಾಗಿ ಕಟ್ಟುವ ಈ ವಿದ್ಯೆಗೆ ಒಂದೇ ಒಂದು ಕಟ್ಟಳೆ: ಏನನ್ನಾದರೂ ಪಡೆಯಬೇಕಾದರೆ ಅದಕ್ಕೆ ಸರಿಸಮನಾದುದನ್ನು ತೆತ್ತೇ ಪಡೆಯಬೇಕು. ಒಂದು ಸೇರು ಕಬ್ಬಿಣದಿಂದ ಒಂದು ಸೇರಿನ ಉಪಕರಣವಾದೀತೇ ಹೊರತು ಒಂದೂಕಾಲು ಸೇರಿನದಾಗದು. ಇದರ ಮೇಲೆ ಒಂದು ನಿಷೇಧವೂ ಉಂಟು. ಮೃತರನ್ನು ಎಬ್ಬಿಸುವ ಯತ್ನವನ್ನು ಮಾಡಕೂಡದು.

ರೋಗಕ್ಕೆ ತಾಯಿಯನ್ನು ಕಳೆದುಕೊಂಡ, ತಂದೆ ಎಂದೋ ಮನೆಬಿಟ್ಟು ಹೋದ ಇಬ್ಬರು ಬಾಲಕರು, ಎಡ್ವರ್ಡ್ ಮತ್ತು ಆಲ್ಫಾನ್ಸ್, ಆ ನಿಷೇಧವನ್ನು ಮೀರುತ್ತಾರೆ. ಪ್ರಾಯದ ಮನುಷ್ಯನೊಬ್ಬನ ದೇಹಕ್ಕೆ ಬೇಕಾದ ದ್ರವ್ಯಗಳ ಪಟ್ಟಿ ಅವರ ಬಳಿ ಸಿದ್ಧವಾಗಿದೆ: ನೀರು 35 ಲೀಟರು, ಇಂಗಾಲ 20 ಕಿಲೋಗ್ರಾಂ, ಅಮೋನಿಯ 4 ಲೀಟರು, ಸುಣ್ಣ ಒಂದೂವರೆ ಕಿಲೋಗ್ರಾಂ, ರಂಜಕ 800 ಗ್ರಾಂ, ಉಪ್ಪು 250 ಗ್ರಾಂ, ಹೀಗೆ. ಅಂಗಡಿಯಲ್ಲಿ ಹುಡುಗರ ಕೈಖರ್ಚಿನ ಕಾಸಿಗೂ ದೊರೆಯುವ ಸಾಮಾನುಗಳು. ಅವನ್ನೆಲ್ಲ ರಾಶಿ ಹಾಕಿ, ಆತ್ಮಕ್ಕೆ ಪ್ರತಿಯಾಗಿ ತಮ್ಮ ಬೆರಳ ತುದಿಯ ರಕ್ತದ ಹನಿಯನ್ನು ಸೇರಿಸಿ, ತಾಯಿ ಬಂದಾಳೆಂದು ಕಾಯುತ್ತಾರೆ. ತಾಯಿ ಬರುವುದಿಲ್ಲ. ಅಣ್ಣನ ಎಡಗಾಲು ಹೋಗುತ್ತದೆ. ತಮ್ಮನ ಇಡೀ ದೇಹವೇ ಹೋಗುತ್ತದೆ. ತಮ್ಮನ ಜೀವವನ್ನಾದರೂ ಹಿಡಿದು ನಿಲ್ಲಿಸಲೆಂದು ಅಣ್ಣ ತನ್ನ ಬಲಗೈಯನ್ನು ತೆತ್ತು, ಆ ಜೀವವನ್ನು ಮೂಲೆಯಲ್ಲಿದ್ದ ಉಕ್ಕಿನ ಕವಚವೊಂದಕ್ಕೆ ಬಂಧಿಸುತ್ತಾನೆ. ಹನ್ನೊಂದು ಮತ್ತು ಹತ್ತು ವರ್ಷದ ಮಕ್ಕಳ ಮಾತೃಶೋಕ ಲೆಕ್ಕದ ಪಟ್ಟಿಯೊಂದರಲ್ಲಿ ಸಿಕ್ಕಿ ನುಚ್ಚುನೂರಾಗುವ ಈ ಪ್ರಸಂಗ, ಕಥಾರಂಭವಾಗಿ, ಎಂತಹ ಸಾಹಿತ್ಯದಲ್ಲಿಯೂ ಗೌರವಾರ್ಹವಾದುದು. ಬಳಿಕ ಸಹೋದರರು ತಮ್ಮ ಮನೆಗೆ ತಾವೇ ಬೆಂಕಿಯಿಟ್ಟು, ಹಿಂದಿರುಗಲು ನೆಲೆಯೇ ಇಲ್ಲದಂತೆ ಮಾಡಿಕೊಂಡು, ಕಳೆದುಹೋದ ದೇಹವನ್ನು ಮರಳಿ ಪಡೆಯುವ ಪರುಷಮಣಿಯನ್ನು ಅರಸಿ ಹೊರಡುತ್ತಾರೆ.

ಪವಾಡದ ಕಥೆಯಲ್ಲಿ ಏನು ಬೇಕಾದರೂ ಆಗಬಹುದಾದರೆ, ಯಾವುದು ಆದರೂ ನಮಗೆ ಅದರಿಂದ ಏನೂ ಆಗದು. ನಾಯಕನು ಸಂಕಟದಲ್ಲಿ ಸಿಲುಕಿದಾಗಲೆಲ್ಲ ಹೊಸದೊಂದು ಶಕ್ತಿ ಅವನಲ್ಲಿ ಉದ್ಭವಿಸುವ ಕಥೆಗಳು ಜಪಾನಿನಲ್ಲಿಯೂ ನಮ್ಮಲ್ಲಿಯೂ ಹೇರಳವಾಗಿವೆ. ಅವುಗಳನ್ನು ನೋಡುತ್ತಿರುವಾಗ ಕಣ್ಣು ಬೆರಗಾದರೂ ಎದೆ ಕಂಪಿಸುವುದಿಲ್ಲ. ಈ ಸರಣಿಯಲ್ಲಿ ರಾಯ್ ಮಸ್ಟಾಂಗ್ ಎಂಬ ಸೇನಾಧಿಕಾರಿ ಬೆರಳು ಚಿಟಿಕೆ ಹಾಕಿ ಬೆಂಕಿಯನ್ನು ಹುಟ್ಟಿಸಬಲ್ಲನು. ಆದರೆ ಆ ಬೆಂಕಿಗೆ ಕೈಗವಸಿನ ವಿಶಿಷ್ಟ ಬಟ್ಟೆಯ ಘರ್ಷಣೆಯಿಂದ ಕಿಡಿ ಬೇಕು, ಗಾಳಿಯಲ್ಲಿ ಆಮ್ಲಜನಕ ಬೇಕು. ಆದುದರಿಂದ ಮಳೆ ಬಂದು ಕೈಗವಸು ತೊಯ್ದರೆ ಆ ಮಹಾವೀರನು ನಿಷ್ಪ್ರಯೋಜಕನಾಗಿ, ಕೈಕೆಳಗಿನ ಅಧಿಕಾರಿಣಿಯ ಗದರಿಕೆಯನ್ನು ಕೇಳಿಕೊಂಡು ಹಿಂದೆ ಸರಿಯುತ್ತಾನೆ. ಹಾಸ್ಯಕ್ಕೆಂದು ಇಟ್ಟಂತೆ ಕಾಣುವ ಈ ಮಿತಿಯೇ ಮುಂದೆ ಯುದ್ಧದ ದೃಶ್ಯಗಳಿಗೆ ಪ್ರಾಣವಾಗುತ್ತದೆ. ಅವನು ಎಲ್ಲಿಂದ ಕಿಡಿಯನ್ನು ತಂದಾನೆಂದು ನಾವು ಅವನೊಡನೆ ಯೋಚಿಸತೊಡಗುತ್ತೇವೆ.

ನಮ್ಮ ಪುರಾಣಕಾರರು ಈ ಮರ್ಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಈ ಊರಿಗೆ ಹೆಸರು ಕೊಟ್ಟ ಮಹಿಷಾಸುರನು ತಪಸ್ಸೆಂಬ ಬೆಲೆಯನ್ನು ತೆತ್ತು ವರವನ್ನು ಪಡೆದನು. ಪುರುಷರಾರಿಂದಲೂ ಮರಣವಿಲ್ಲವೆಂಬ ಆ ವರದ ವಾಕ್ಯದಲ್ಲಿ ಸ್ತ್ರೀಯೆಂಬುವಳು ಹೊರಗುಳಿದಿದ್ದಳು. ಉಳಿದ ಆ ಸಂದಿನಿಂದಲೇ ಚಾಮುಂಡಿ ಬಂದಳು. ಹಿರಣ್ಯಕಶಿಪುವಿನ ಕಥೆಯೂ ಭಸ್ಮಾಸುರನ ಕಥೆಯೂ ಇದೇ ಜಾಡಿನವು. ಅಲ್ಲಿ ಕೊಡುವವನೊಬ್ಬ ದೇವನಿದ್ದಾನೆ, ಕೊಟ್ಟ ಮಾತಿನೊಳಗಿನ ಬಿರುಕನ್ನು ಹುಡುಕುವ ಬುದ್ಧಿಯಿದೆ. ಅರಕಾವಾ ಅವರ ಲೋಕದಲ್ಲಿ ವರವನ್ನು ಕೊಡುವವರೇ ಇಲ್ಲ. ‘ಸತ್ಯ’ ಎಂದು ತನ್ನನ್ನು ಕರೆದುಕೊಳ್ಳುವ, ಮುಖವಿಲ್ಲದೆ ಬರಿಯ ನಗೆ ಮಾತ್ರ ಇರುವ ಒಂದು ಬೆಳ್ಳಗಿನ ಆಕೃತಿ ಬಾಗಿಲಲ್ಲಿ ಕುಳಿತು ಸುಂಕವನ್ನು ವಸೂಲು ಮಾಡುತ್ತದೆ. ಆ ಸುಂಕದಲ್ಲಿ ಕ್ರೂರವಾದ ಔಚಿತ್ಯವಿದೆ: ಸತ್ತ ಶಿಶುವನ್ನು ಬಯಸಿದ ತಾಯಿಯೊಬ್ಬಳಿಂದ ಅದು ಕಿತ್ತುಕೊಳ್ಳುವುದು ಮತ್ತೆ ತಾಯಿಯಾಗುವ ಶಕ್ತಿಯನ್ನು.

ಈ ಬಡಾವಣೆಯಲ್ಲಿಯೇ ಮನೆ ಕಟ್ಟಿಸಿ ವಾಸವಾಗಿದ್ದ ಆರ್. ಕೆ. ನಾರಾಯಣರು ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿ ‘ಗಾಡ್ಸ್, ಡೀಮನ್ಸ್ ಅಂಡ್ ಅದರ್ಸ್’ ಎಂಬ ಪುಸ್ತಕವನ್ನು 1964ರಲ್ಲಿ ಪ್ರಕಟಿಸಿದರು, ತಮ್ಮಂದಿರಾದ ಆರ್. ಕೆ. ಲಕ್ಷ್ಮಣ್ ಅದಕ್ಕೆ ಚಿತ್ರಗಳನ್ನು ಬರೆದರು. ಆ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆದಿದೆ. ಆ ಪುಸ್ತಕದಲ್ಲಿರುವ ಕಥೆಗಳಲ್ಲೊಂದು ಶಿಬಿಚಕ್ರವರ್ತಿಯದು. ಶರಣು ಬಂದ ಪಾರಿವಾಳವನ್ನು ಉಳಿಸಲೂ ಬೇಕು, ಹಸಿದ ಗಿಡುಗಕ್ಕೆ ಅನ್ಯಾಯವಾಗಲೂ ಬಾರದು. ಪಾರಿವಾಳದ ತೂಕಕ್ಕೆ ಸರಿಯಾದ ಮಾಂಸವನ್ನು ತನ್ನ ಮೈಯಿಂದಲೇ ಕೊಯ್ದಿಡುವೆನೆಂದು ಅರಸನು ತಕ್ಕಡಿ ತರಿಸುತ್ತಾನೆ. ಎಷ್ಟು ಇಟ್ಟರೂ ಪಾರಿವಾಳದ ತಟ್ಟೆ ಮೇಲಕ್ಕೇಳುವುದಿಲ್ಲ. ಸಮವಿನಿಮಯದ ತತ್ತ್ವ ಇದಕ್ಕಿಂತ ನಿಷ್ಠುರವಾಗಿ ಎಲ್ಲಿಯೂ ಹೇಳಲ್ಪಟ್ಟಿಲ್ಲ. ಎಡ್ವರ್ಡನ ಮುಂದೆಯೂ ಕೊನೆಯದರ ಹಿಂದಿನ ಕಂತಿನಲ್ಲಿ ಅಂತಹುದೇ ಒಂದು ತಕ್ಕಡಿ ತೂಗುತ್ತದೆ. ಅದರಲ್ಲಿ ಅವನು ಏನನ್ನಿಡುತ್ತಾನೆಂಬುದನ್ನು ನಾನು ಹೇಳಲಾರೆ, ಹೇಳಿದರೆ ನೋಡುವವರ ಸುಖಕ್ಕೆ ದ್ರೋಹ ಬಗೆದಂತಾಗುತ್ತದೆ. ಶಿಬಿಯು ಅಂತ್ಯದಲ್ಲಿ ಏನು ಮಾಡಿದನೆಂಬುದನ್ನು ಬಾಲ್ಯದಲ್ಲಿ ಕೇಳಿದವರಿಗೆ ಆ ಉತ್ತರ ಅಪರಿಚಿತವೆನಿಸದು ಎಂದಷ್ಟೇ ಹೇಳುವೆನು.

ಈ ಕಟ್ಟಳೆಯಿಂದ ತಪ್ಪಿಸಿಕೊಳ್ಳುವ ಉಪಾಯವೊಂದುಂಟೆಂದು ಆ ಲೋಕದವರು ನಂಬಿರುವುದು ಪರುಷಮಣಿಯನ್ನು. ಅದು ಕೈಯಲ್ಲಿದ್ದರೆ ಏನನ್ನೂ ತೆರದೆ ಏನನ್ನಾದರೂ ಪಡೆಯಬಹುದಂತೆ. ಏಳನೆಯ ಕಂತಿನ ವೇಳೆಗೇ ಅದರ ಗುಟ್ಟು ಬಯಲಾಗುವುದರಿಂದ ಇದನ್ನು ಹೇಳಲು ಅಡ್ಡಿಯಿಲ್ಲ: ಪರುಷಮಣಿಯನ್ನು ಮಾಡುವುದು ಜೀವಂತ ಮನುಷ್ಯರ ಪ್ರಾಣದಿಂದ. ಎಂದರೆ ಬೆಲೆಯಿಲ್ಲದ ಅದ್ಭುತವೆಂಬುದು ಇಲ್ಲವೇ ಇಲ್ಲ. ತಾನು ತೆರಬೇಕಾದ ಬೆಲೆಯನ್ನು ಮತ್ತೊಬ್ಬನ ತಲೆಗೆ ಕಟ್ಟುವುದು ಮಾತ್ರ ಉಂಟು. ಇಲ್ಲಿಂದ ಮುಂದೆ ಕಥೆ ಬಾಲಕರ ಸಾಹಸವಾಗಿ ಉಳಿಯುವುದಿಲ್ಲ. ರಾಜ್ಯವೆಂಬುದು ಯಾರ ಪ್ರಾಣದ ಮೇಲೆ ನಿಂತಿದೆ, ಅದರ ಸಂಬಳವನ್ನು ತಿನ್ನುವ ವಿದ್ವಾಂಸನ ಹೊಣೆ ಎಷ್ಟು ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಎದ್ದು ನಿಲ್ಲುತ್ತವೆ. ಸರ್ಕಾರದ ರಸವಿದ್ಯಾಪಂಡಿತನಾದ ಒಬ್ಬನು ತನ್ನ ವಾರ್ಷಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಕ್ಕಾಗಿ ತನ್ನ ಪುಟ್ಟ ಮಗಳನ್ನು ಏನು ಮಾಡಿದನೆಂಬ ನಾಲ್ಕನೆಯ ಕಂತಿನ ವೃತ್ತಾಂತ ನೋಡಿದವರ ಮನಸ್ಸಿನಿಂದ ಅಳಿಯುವಂತಹುದಲ್ಲ. ಆ ಪಂಡಿತನು ಹುಚ್ಚನಲ್ಲ, ಹುದ್ದೆಯನ್ನು ಉಳಿಸಿಕೊಳ್ಳಬೇಕೆಂಬ ಸಾಮಾನ್ಯ ನೌಕರನೆಂಬುದೇ ಅದರ ಭೀಕರತೆ.

ಸರಣಿಯ ಅತ್ಯಂತ ಗಂಭೀರವಾದ ಭಾಗ ಇಷ್ವಾಲ್ ಎಂಬ ಮರುಭೂಮಿಯ ನಾಡಿನ ಸಂಹಾರದ ಕಥನ. ಸೈನಿಕನೊಬ್ಬನು ಮಗುವೊಂದನ್ನು ಗುಂಡಿಟ್ಟು ಕೊಂದುದರಿಂದ ಹೊತ್ತಿಕೊಂಡ ಕಲಹ ವರ್ಷಗಟ್ಟಲೆ ಉರಿದು, ಕಡೆಗೆ ರಸವಿದ್ಯಾಪಂಡಿತರನ್ನೇ ಆಯುಧಗಳನ್ನಾಗಿ ಬಳಸಿ ಒಂದು ಜನಾಂಗವನ್ನು ನಿರ್ಮೂಲ ಮಾಡುವಲ್ಲಿಗೆ ಮುಟ್ಟುತ್ತದೆ. ಮೂವತ್ತನೆಯ ಕಂತು ಪೂರ್ತಿಯಾಗಿ ಈ ಸ್ಮೃತಿಗೇ ಮೀಸಲು. ಯುದ್ಧವನ್ನು ಕಂಡ ವೃದ್ಧ ಸೈನಿಕರನ್ನು ಅರಕಾವಾ ಅವರು ಮುಖತಃ ಮಾತನಾಡಿಸಿ ತಿಳಿದುಕೊಂಡು ಇದನ್ನು ಬರೆದರು. ಆದುದರಿಂದಲೇ ಇಲ್ಲಿ ವೀರಾವೇಶದ ಭಾಷಣಗಳಿಲ್ಲ. ಕೊಂದವರೇ ನಮ್ಮ ಕಥೆಯ ಪ್ರೀತಿಪಾತ್ರರು. ಅವರು ತಮ್ಮ ಅಪರಾಧವನ್ನು ಮರೆಯಲೂ ಆರರು, ಅದಕ್ಕೆ ಪ್ರಾಯಶ್ಚಿತ್ತವಾಗಿ ಸಾಯುವ ಸುಲಭಮಾರ್ಗವನ್ನೂ ಹಿಡಿಯಲಾರರು. ಉಳಿದ ಇಷ್ವಾಲನೊಬ್ಬನು ಹಗೆಯಿಂದ ಪಂಡಿತರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಬಂದಾಗ, ಅವನ ಕೈಯಲ್ಲಿ ನಿರಪರಾಧಿಗಳೂ ಸತ್ತಿರುವರೆಂಬುದನ್ನೂ ಲೇಖಕಿ ಮರೆಮಾಚುವುದಿಲ್ಲ. ಪ್ರತೀಕಾರವೂ ಒಂದು ವಿನಿಮಯವೇ, ಆದರೆ ಅದರ ತಕ್ಕಡಿ ಎಂದಿಗೂ ಸಮನಾಗಿ ನಿಲ್ಲದು ಎಂಬ ಮಾತನ್ನು ಯಾರ ಬಾಯಿಂದಲೂ ಆಡಿಸದೆ ಘಟನೆಗಳಿಂದಲೇ ತಿಳಿಸಿರುವುದು ಪ್ರೌಢವಾದ ಕಲೆ.

ಸಾಹಸದೃಶ್ಯಗಳ ಚಿತ್ರಣವನ್ನು ಕುರಿತು ಎರಡು ಮಾತು. ಮನೆಯ ಡಿವಿಡಿಯಲ್ಲಿ ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ ನೋಡಬಹುದಾದುದರಿಂದ ಕಲಾವಿದರ ಕೈಚಳಕ ಪ್ರತ್ಯಕ್ಷವಾಗುತ್ತದೆ. ಸ್ತಬ್ಧವಾಗಿ ನಿಂತಾಗ ಅಚ್ಚುಕಟ್ಟಾಗಿರುವ ಮುಖಗಳು ವೇಗದ ನಡುವೆ ಬೇಕೆಂದೇ ಜಗ್ಗಿ ವಿಕಾರಗೊಳ್ಳುತ್ತವೆ. ಬೆಂಕಿಯ ಗೆರೆಗಳು ಲೇಖನಿಯಿಂದಲ್ಲದೆ ಕುಂಚದಿಂದ ಎಳೆದಂತೆ ದಪ್ಪವಾಗಿ ಹರಡುತ್ತವೆ. ಸಾಮಾನ್ಯ ವೇಗದಲ್ಲಿ ಕಾಣದ ಈ ವಿಕಾರವೇ ಏಟಿನ ಬಲವನ್ನು ಕಣ್ಣಿಗೆ ಮುಟ್ಟಿಸುವುದು. ಯಕ್ಷಗಾನದ ವೇಷಧಾರಿ ಒಡ್ಡೋಲಗದಲ್ಲಿ ಗಂಭೀರವಾಗಿ ನಿಂತು, ಯುದ್ಧದ ತಾಳ ಬಿದ್ದೊಡನೆ ಗಿರಕಿಗಳಲ್ಲಿ ಕಣ್ಣಿಗೆ ಸಿಕ್ಕದಂತಾಗುವುದನ್ನು ಕಂಡವರಿಗೆ ಈ ವೈದೃಶ್ಯದ ರುಚಿ ಕೂಡಲೇ ಹತ್ತುವುದು. ಇದಕ್ಕೆ ಮಿಗಿಲಾಗಿ ಮೆಚ್ಚತಕ್ಕದ್ದು ಯುದ್ಧದ ಸ್ಥಳಜ್ಞಾನ: ಯಾರು ಎಲ್ಲಿ ನಿಂತಿದ್ದಾರೆ, ಗೋಡೆ ಎಲ್ಲಿದೆ, ಕೊಳವೆ ಎಲ್ಲಿ ಹಾದಿದೆ ಎಂಬುದು ನೋಡುವವನಿಗೆ ಸದಾ ಸ್ಪಷ್ಟ. ಅಕಿರಾ ಸೆಂಜು ಅವರ ಮೇಳಸಂಗೀತ ಈ ದೃಶ್ಯಗಳಿಗೆ ಗಾಂಭೀರ್ಯವನ್ನು ತಂದಿದೆ. ಅಣ್ಣತಮ್ಮಂದಿರ ಧ್ವನಿಗಳನ್ನು ಜಪಾನಿಯಲ್ಲಿ ನೀಡಿರುವವರು ರೋಮಿ ಪಾಕ್ ಮತ್ತು ರಿಯೆ ಕುಗಿಮಿಯಾ ಎಂಬ ಇಬ್ಬರು ಸ್ತ್ರೀಯರು. ಮುಖಭಾವವೇ ಇಲ್ಲದ ಉಕ್ಕಿನ ಕವಚವೊಂದು ನೋಡುವವರ ಕಣ್ಣಲ್ಲಿ ಮಗುವಾಗಿ ಉಳಿಯುವುದು ಕುಗಿಮಿಯಾ ಅವರ ಕಂಠದಿಂದ.

ದೋಷಗಳಿಲ್ಲವೆಂದಲ್ಲ. ಮೊದಲ ಸರಣಿಯಲ್ಲಿ ಒಮ್ಮೆ ಹೇಳಿಯಾದ ವೃತ್ತಾಂತವೆಂಬ ಕಾರಣಕ್ಕೋ ಏನೋ, ಆರಂಭದ ಹನ್ನೆರಡು ಹದಿಮೂರು ಕಂತುಗಳು ಓಟಕಿತ್ತಂತೆ ಸಾಗುತ್ತವೆ. ಹ್ಯೂಸ್ ಎಂಬ ಸ್ನೇಹಶೀಲ ಅಧಿಕಾರಿಯ ಸಾವು ನಮ್ಮನ್ನು ಕಲಕುವುದಾದರೂ, ಅವನ ಒಡನಾಟದಲ್ಲಿ ಇನ್ನಷ್ಟು ದಿನ ಕಳೆದಿದ್ದರೆ ಆ ಪೆಟ್ಟು ಇಮ್ಮಡಿಯಾಗುತ್ತಿತ್ತು. ಮೊದಲನೆಯ ಕಂತು ಮೂಲದಲ್ಲಿಲ್ಲದ ಕಥೆಯೊಂದನ್ನು ಹೆಣೆದು ಎಲ್ಲ ಪಾತ್ರಗಳನ್ನೂ ಒಮ್ಮೆಗೇ ಸಭೆಗೆ ತಂದು ನಿಲ್ಲಿಸುವುದರಿಂದ ಹೊಸಬರಿಗೆ ದಿಗ್ಭ್ರಮೆಯಾಗುತ್ತದೆ. ಇಪ್ಪತ್ತೇಳನೆಯದು ಹಿಂದಿನದರ ಪುನರಾವಲೋಕನವಾದುದರಿಂದ ಬಿಟ್ಟುಬಿಟ್ಟರೂ ನಷ್ಟವಿಲ್ಲ. ದುಃಖದ ಪ್ರಸಂಗದ ಮಗ್ಗುಲಲ್ಲಿಯೇ ಪಾತ್ರಗಳ ಮುಖವನ್ನು ಗೊಂಬೆಯಂತೆ ಕುಗ್ಗಿಸಿ ನಗಿಸುವ ಚೇಷ್ಟೆ ಜಪಾನಿನ ಈ ಪ್ರಕಾರಕ್ಕೆ ರೂಢಿಯ ಅಲಂಕಾರ. ನಮ್ಮ ಹಳೆಯ ಕಂಪನಿ ನಾಟಕಗಳ ಹಾಸ್ಯದ ದೃಶ್ಯಗಳನ್ನು ಸಹಿಸಿಕೊಂಡವರು ಇದನ್ನೂ ಸಹಿಸಿಕೊಂಡಾರು, ಆದರೆ ಎಡ್ವರ್ಡನ ಕುಳ್ಳುತನದ ಮೇಲಣ ವಿನೋದ ಹತ್ತನೆಯ ಸಲಕ್ಕೆ ಹಳಸುವುದಂತೂ ನಿಜ. ಅಂತಿಮ ಸಂಗ್ರಾಮ ಅನೇಕ ಕಂತುಗಳವರೆಗೆ ಒಂದೇ ದಿನದಲ್ಲಿ ಹಬ್ಬಿ, ರಣರಂಗಗಳು ಹೆಚ್ಚಿದಷ್ಟೂ ಗಮನ ಚದುರುತ್ತದೆ. ಈ ಎಲ್ಲ ಕುಂದುಗಳನ್ನು ಕೂಡಿಸಿದರೂ ಗುಣದ ತಟ್ಟೆಯೇ ಭಾರವಾಗಿ ತೂಗುವುದು.

ನೋಡಬಯಸುವವರಿಗೆ ಕೆಲವು ವ್ಯಾವಹಾರಿಕ ಸೂಚನೆಗಳು ಅಗತ್ಯ. ಜಪಾನಿನಲ್ಲಿ ಈ ಸರಣಿ ಡಿವಿಡಿ ಮತ್ತು ಬ್ಲೂ-ರೇ ರೂಪದಲ್ಲಿ 16 ಸಂಪುಟಗಳಾಗಿ ಹೊರಬಂದಿತು. ಅಮೆರಿಕದಲ್ಲಿ ಹೊರಬಂದ ಆವೃತ್ತಿಗಳಲ್ಲಿ ಜಪಾನಿ ಮತ್ತು ಇಂಗ್ಲಿಷ್ ಧ್ವನಿಗಳೆರಡೂ, ಇಂಗ್ಲಿಷ್ ಸಬ್‌ಟೈಟಲುಗಳೂ ಇವೆ. ತಟ್ಟೆಗಳನ್ನು ವ್ಯಾಪಾರದ ಅನುಕೂಲಕ್ಕೆಂದು ವಲಯಗಳಾಗಿ ವಿಂಗಡಿಸಿರುವುದನ್ನು ಮರೆಯಬಾರದು: ಡಿವಿಡಿಗೆ ಅಮೆರಿಕ 1ನೆಯ ವಲಯ, ಜಪಾನು 2ನೆಯದು, ಭಾರತ 5ನೆಯದು, ಬ್ಲೂ-ರೇಗೆ ಜಪಾನು ಅಮೆರಿಕಗಳು ‘ಎ’ ವಲಯದಲ್ಲಿದ್ದರೆ ಭಾರತ ‘ಸಿ’ ವಲಯದಲ್ಲಿದೆ. ಹೊರದೇಶದಿಂದ ಬಂದ ಪೆಟ್ಟಿಗೆ ಇಲ್ಲಿಯ ಯಂತ್ರದಲ್ಲಿ ಓಡದಿದ್ದರೆ ತಟ್ಟೆ ಕೆಟ್ಟಿದೆಯೆಂದು ತಿಳಿಯಬೇಕಾಗಿಲ್ಲ. ಎಲ್ಲ ವಲಯಗಳನ್ನೂ ಓದಬಲ್ಲ ಯಂತ್ರವನ್ನು ಹುಡುಕಿದರೆ ಸಾಕು. ಪ್ರಸಾರದಲ್ಲಿ ಇಲ್ಲದ ನಾಲ್ಕು ಕಿರುಕಥೆಗಳು ಈ ಸಂಪುಟಗಳೊಡನೆ ಬಂದಿವೆ. ಅವುಗಳಲ್ಲಿ ಕುರುಡ ರಸವಿದ್ಯಾಪಂಡಿತನ ಕಥೆ ಸರಣಿಯ ಯಾವ ಉತ್ತಮ ಕಂತಿಗೂ ಸಾಟಿಯಾಗಬಲ್ಲದು. ಒಂದೊಂದು ಕಂತಿಗೆ ಸುಮಾರು 24 ನಿಮಿಷವಾದುದರಿಂದ, ಸಂಜೆಗೆ ಎರಡರಂತೆ ನೋಡಿದರೆ ಸುಮಾರು ತಿಂಗಳೊಂದರಲ್ಲಿ ಮುಗಿಯುವುದು. ಜೈಮಿನಿ ಭಾರತವನ್ನು ಸಂಜೆ ಸಂಜೆ ಸ್ವಲ್ಪ ಸ್ವಲ್ಪವಾಗಿ ಓದಿಸಿ ಕೇಳುತ್ತಿದ್ದವರ ಮಕ್ಕಳಾದ ನಮಗೆ ಈ ಪ್ರಮಾಣ ಹೊಸದಲ್ಲ. ಬಣ್ಣದ ಚಿತ್ರವೆಂದು ಎಳೆಯ ಮಕ್ಕಳ ಮುಂದೆ ಹಾಕಿ ಅಡಿಗೆಮನೆಗೆ ನಡೆಯುವುದು ಮಾತ್ರ ಸಲ್ಲದು. ಹದಿಮೂರು ಹದಿನಾಲ್ಕು ದಾಟಿದವರು, ಹಿರಿಯರೊಬ್ಬರು ಜೊತೆಯಲ್ಲಿದ್ದು, ನೋಡತಕ್ಕ ಕಥೆಯಿದು.

ಇನ್ನು ಉಳಿದದ್ದು ಭಾಷೆಯ ಮಾತು. ಈ ಸರಣಿಯನ್ನು ನಮ್ಮ ಮನೆಗಳ ಹಿರಿಯರು ನೋಡದೆ ಉಳಿಯಲು ಮುಖ್ಯ ಕಾರಣ ಅದು ಚಿತ್ರವೆಂಬುದಲ್ಲ, ಅದು ಮಾತನಾಡುವ ಭಾಷೆ ಅವರದಲ್ಲವೆಂಬುದು. 1960ರ ದಶಕದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರು ಡಬ್ಬಿಂಗನ್ನು ವಿರೋಧಿಸಿದುದು ಎಳೆಯದಾಗಿದ್ದ ಕನ್ನಡ ಚಿತ್ರೋದ್ಯಮವನ್ನು ಕಾಪಾಡುವ ಸದುದ್ದೇಶದಿಂದ. ಆ ಕಾಲಕ್ಕೆ ಅದು ಉಚಿತವೂ ಆಗಿದ್ದಿರಬಹುದು. ಆದರೆ ದಶಕಗಳವರೆಗೆ ನಡೆದುಬಂದ ಆ ಪರಂಪರೆಯಿಂದಾಗಿ ಲೋಕದ ಕಥೆಗಳು ನಮ್ಮ ಮಕ್ಕಳಿಗೆ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತ್ರ ಬಂದವು. 2009ರಲ್ಲಿ ಚಿಂಟು ಟಿವಿ ಆರಂಭವಾಗಿ ಕಾರ್ಟೂನುಗಳು ಕನ್ನಡವನ್ನಾಡತೊಡಗಿದಾಗ ಮಕ್ಕಳು ಅದನ್ನು ಅಪ್ಪಿಕೊಂಡರು. 2015ರಲ್ಲಿ ಸ್ಪರ್ಧಾ ಆಯೋಗವು ಡಬ್ಬಿಂಗಿಗೆ ತಡೆಯೊಡ್ಡುವುದು ಸ್ಪರ್ಧಾನಿಯಮಕ್ಕೆ ವಿರುದ್ಧವೆಂದು ತೀರ್ಪಿತ್ತ ಮೇಲೆ ದೊಡ್ಡವರ ಚಿತ್ರಗಳಿಗೂ ದಾರಿ ತೆರೆಯಿತು. ಇಂತಹ ಗಂಭೀರ ಸರಣಿಗೆ ಕನ್ನಡದ ಧ್ವನಿ ದೊರೆತಲ್ಲಿ ತಾತನೂ ಮೊಮ್ಮಗಳೂ ಒಟ್ಟಿಗೆ ಕುಳಿತು ನೋಡಿ, ಇಷ್ವಾಲಿನಲ್ಲಿ ಮಸ್ಟಾಂಗನೆಸಗಿದ ಅಪರಾಧಕ್ಕೆ ಕ್ಷಮೆಯುಂಟೇ ಎಂದು ಒಂದೇ ನುಡಿಯಲ್ಲಿ ವಾದಿಸಬಹುದು. ಭಾಷಾಂತರದ ಶ್ರಮವೂ ಖರ್ಚೂ ಅಲ್ಪವಲ್ಲ; ಅದನ್ನು ವಹಿಸಿಕೊಳ್ಳುವ ಪ್ರಕಾಶಕರು, ಧ್ವನಿಕಲಾವಿದರು, ಅವರ ತಟ್ಟೆಯನ್ನು ಹಣ ಕೊಟ್ಟು ಕೊಳ್ಳುವ ನಾವು, ತಂತಮ್ಮ ಪಾಲನ್ನು ತೆತ್ತರೆ ಮಾತ್ರ ಅದು ಆಗಬಲ್ಲದು.